ಕಣಗಿಲೆ ಬೆರೆತ ಸೊಪ್ಪು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಹಿರಿಯೂರಿನ ಅಂಚಿನ ಒಂದು ಬಾಡಿಗೆ ಮನೆಯಲ್ಲಿದ್ದೆವು. ಹಿತ್ತಲಿನ ಮೋಟುಗೋಡೆಯಾಚೆ ಕುರಿ ಸಾಕುವವರ ಮನೆ. ಆ ಮನೆಯ ಮಗ ಮಂದೆಯ ಜೊತೆ ತಿಂಗಳುಗಟ್ಟಲೆ ಹೊರಗಿರುತ್ತಿದ್ದ. ದೂರ ನಡೆಯಲಾಗದ ಎರಡು ಗಬ್ಬದ ಕುರಿಗಳನ್ನು, ಮದುವೆಯಾಗಿ ಬಂದು ತಿಂಗಳೂ ತುಂಬದ ಹೆಂಡತಿಗೆ ಒಪ್ಪಿಸಿ ಹೋಗಿದ್ದ.

ಎರಡೂ ಮನೆಗಳ ನಡುವೆ ಒಂದು ರೂಢಿಯಿತ್ತು. ನಾನು ನುಗ್ಗೆ ಸವರಿದಾಗ ಸೊಪ್ಪನ್ನು ಗೋಡೆಯಾಚೆ ಹಾಕುತ್ತಿದ್ದೆ. ಅವನ ತಾಯಿ ಒಂದು ಬುಟ್ಟಿ ಕುರಿಗೊಬ್ಬರವನ್ನು ಗೋಡೆಯ ಮೇಲಿಡುತ್ತಿದ್ದಳು.

ಆ ಭಾನುವಾರ ಹಿಂದಿನ ದಿನದ ಮಳೆಗೆ ಹಿತ್ತಲು ತೊಳೆದಂತಿತ್ತು. ಬಿಸಿಲು ಹಿತವಾಗಿತ್ತು. ಕರಿಬೇವಿನಲ್ಲಿ ಪಿಕಳಾರ ಹಕ್ಕಿಗಳು ಹಣ್ಣು ಕುಕ್ಕುತ್ತಿದ್ದವು. ಒಗೆಯುವ ಕಲ್ಲಿನ ಮೇಲೆ ಓತಿಕ್ಯಾತ ತಲೆಯಾಡಿಸುತ್ತಿತ್ತು. ನಾನು ಮೊದಲು ನುಗ್ಗೆ ಸವರಿದೆ, ಆಮೇಲೆ ದಾರಿಗೆ ಚಾಚಿದ್ದ ಕಣಗಿಲೆಗೆ ಕೈ ಹಾಕಿದೆ. ಒಂದು ಎಲೆಯಡಿ ಚಿಟ್ಟೆಯ ಕೋಶವೊಂದು ಬೆಳ್ಳಿಯ ಗುಂಡಿನಂತೆ ಹೊಳೆಯುತ್ತ ನೇತಾಡುತ್ತಿತ್ತು. ಅದನ್ನೇ ನೋಡುತ್ತ ಬಹಳ ಹೊತ್ತು ಕುಳಿತೆ.

"ಏನಪ್ಪ, ಗಿಡದ ಮುಂದೆ ಜಪ ಮಾಡ್ತಿಯಾ? ಹೆಂಡ್ತಿ ಮುಖಾನ ಇಷ್ಟೊತ್ತು ನೋಡಿದ್ರೆ ಅವಳಾದ್ರೂ ನಗ್ತಿದ್ಲು" ಎಂದು ಗೋಡೆಯಾಚೆಯಿಂದ ಆ ತಾಯಿ ಅಂದಳು. ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು.

ನಾನೂ ನಕ್ಕೆ. ಕೋಶವಿದ್ದ ರೆಂಬೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿದೆ. ನೆಲದ ಮೇಲೆ ನುಗ್ಗೆ, ಕಣಗಿಲೆ ಎರಡೂ ಒಂದೇ ರಾಶಿಯಾಗಿ ಬಿದ್ದಿದ್ದವು. ಆ ರಾಶಿಯನ್ನು ಬಾಚಿ ತಬ್ಬಿ, ನೋಡದೆ, ಗೋಡೆಯಾಚೆ ಹಾಕಿದೆ. ಕಣಗಿಲೆ ವಿಷವೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ನಾನು ಕೊಟ್ಟ ಸೊಪ್ಪನ್ನು ಆ ಹುಡುಗಿ ಯಾವತ್ತೂ ಬಿಡಿಸಿ ನೋಡಿದವಳಲ್ಲ.

ಮಧ್ಯಾಹ್ನ ಕೂಗು ಕೇಳಿ ಓಡಿದೆ. ಎರಡೂ ಕುರಿಗಳು ಜೊಲ್ಲು ಸುರಿಸುತ್ತ ಕಾಲು ಬಡಿಯುತ್ತಿದ್ದವು. ಗೂಟದ ಬುಡದಲ್ಲಿ, ನುಗ್ಗೆ ಕಡ್ಡಿಗಳ ನಡುವೆ, ಒಂದು ಗುಲಾಬಿ ಬಣ್ಣದ ಕಣಗಿಲೆ ಹೂವು ಕಂಡಿತು. ಅತ್ತೆ, ಸೊಸೆ, ಓಡಿಬಂದ ಅಕ್ಕಪಕ್ಕದವರು ಎಲ್ಲರೂ ಕುರಿಗಳ ಬಾಯಿಗೆ ಮಜ್ಜಿಗೆ ಹೊಯ್ಯುತ್ತಿದ್ದಾಗ, ನೆರವಾಗುವವನಂತೆ ಬಗ್ಗಿ, ಆ ಹೂವನ್ನೂ ಉಳಿದ ಎಲೆಗಳನ್ನೂ ಆಯ್ದು ಪಂಚೆಯ ಮಡಿಲಿಗೆ ಸೇರಿಸಿಕೊಂಡೆ.

ಸಂಜೆಯೊಳಗೆ ಎರಡೂ ಸತ್ತವು.

"ಇವಳು ಹೊಸ್ಲು ತುಳಿದು ಇನ್ನೂ ತಿಂಗ್ಳಾಗಿಲ್ಲ. ಹೊಟ್ಟೆಯಾಗಿನ ಮರಿನೂ ಉಳಿಲಿಲ್ಲ. ಎಂಥ ಕಾಲ್ಗುಣನೇ ನಿಂದು" ಎಂದು ಅತ್ತೆ ಸತ್ತ ಕುರಿಯ ಪಕ್ಕದಲ್ಲೇ ಕುಳಿತು ಅಂದಳು.

ಸೊಸೆ ನನ್ನ ಕಡೆ ತಿರುಗಿದಳು. "ಅಣ್ಣಾರೆ, ನೀವಾರ ಹೇಳ್ರಿ. ನೀವು ಕೊಟ್ಟ ಸೊಪ್ಪು ಬಿಟ್ರೆ ಬ್ಯಾರೆ ಏನೂ ಹಾಕಿಲ್ಲ ನಾನು."

ಎಲ್ಲರೂ ನನ್ನ ಮುಖ ನೋಡಿದರು. ಮಡಿಲಲ್ಲಿ ಎಲೆಗಳು ಹೊಟ್ಟೆಗೆ ಚುಚ್ಚುತ್ತಿದ್ದವು.

"ನುಗ್ಗೆ ಸೊಪ್ಪು ತಿಂದ್ರೆ ಏನಾಗ್ತೈತಮ್ಮ? ಹಿಂದೆಲ್ಲ ತಿಂದಿದ್ದೇ ಅಲ್ವಾ" ಅಂದೆ.

ನಾನು ಹೇಳಿದ್ದರಲ್ಲಿ ಒಂದು ಪದವೂ ಸುಳ್ಳಲ್ಲ. ಅದನ್ನೇ ಹಿಡಿದುಕೊಂಡು ಎಷ್ಟೋ ವರ್ಷ ಬದುಕಿದೆ.

ಸುದ್ದಿ ತಿಳಿದು ಮಗ ಬಂದ. ತಾಯಿಗೆ ಎದುರಾಡಲಿಲ್ಲ. ವಾರದೊಳಗೆ ಹುಡುಗಿಯನ್ನು ಜವನಗೊಂಡನಹಳ್ಳಿ ಕಡೆಯ ತವರಿಗೆ ಬಸ್ಸು ಹತ್ತಿಸಿದರು. ನಮ್ಮ ಬಾಗಿಲ ಮುಂದೆಯೇ ಟ್ರಂಕು ಹೊತ್ತು ಹೋದಳು. ನಾನು ಒಳಗಿದ್ದೆ. ಮುಂದಿನ ವರ್ಷ ಆ ಮನೆಗೆ ಬೇರೆ ಸೊಸೆ ಬಂದಳು. ಮೊದಲಿನವಳು ಏನಾದಳೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಯಾರಾದರೂ ಹೇಳಿಬಿಡುತ್ತಾರೆಂಬ ಭಯವಿತ್ತು.

ಅವಳು ಹೋದ ದಿನ ಹಿತ್ತಲಿಗೆ ಹೋದಾಗ ಕೋಶ ಒಡೆದು ಖಾಲಿಯಾಗಿತ್ತು. ಗೋಡೆಯ ಮೇಲೆ ಒಂದು ಬುಟ್ಟಿ ಗೊಬ್ಬರವಿತ್ತು. ಸೊಪ್ಪು ಕೊಟ್ಟವನ ಪಾಲನ್ನು ಆ ತಾಯಿ ಮರೆತಿರಲಿಲ್ಲ. ಸತ್ತ ಕುರಿಗಳದೇ ಗೊಬ್ಬರ.

ನಾನು ಅದನ್ನು ಇಳಿಸಿಕೊಂಡು ಗಿಡಗಳಿಗೆ ಹಾಕಿದೆ. ಕಣಗಿಲೆಯ ಬುಡಕ್ಕೂ ಹಾಕಿದೆ.