ಮಹಾರಾಜರು ಕೂತಿದ್ದ ಕುರ್ಚಿ

ಹೋದ ವರ್ಷ ಒಂದು ಮಧ್ಯಾಹ್ನ ನಮ್ಮ ಮನೆಗೆ ಒಬ್ಬ ಅಪರಿಚಿತ ಬಂದ. ಮೈಸೂರಿನವನಂತೆ. ಮಹಾರಾಜರ ಆಳ್ವಿಕೆಯ ಮೇಲೆ ಪುಸ್ತಕ ಬರೆಯುತ್ತಿದ್ದಾನಂತೆ. ಅವರು ನಮ್ಮ ಸೀಮೆಗೆ ಬಂದಾಗ ಪಟೇಲರಾಗಿದ್ದ ನಮ್ಮ ತಾತನ ಮನೆಯಲ್ಲಿ ಕೂತು ಎಳನೀರು ಕುಡಿದರೆಂದು ಅರಳಗುಪ್ಪೆಯಲ್ಲಿ ಯಾರೋ ಹೇಳಿದರಂತೆ. ಇಷ್ಟೊಂದು ‘ಅಂತೆ’ ಕೇಳಿಯೇ ನನಗೆ ಅನುಮಾನ ಹುಟ್ಟಿತು.

“ಆ ಕುರ್ಚಿ ಇನ್ನೂ ಇದೆಯಾ ಸಾರ್?”

ಹಜಾರದ ಮೂಲೆಯಲ್ಲೇ ಇತ್ತು. ಚಿಕ್ಕವನಿದ್ದಾಗ ಅದರ ಮೇಲೆ ಹತ್ತಿ ಕೂತೆನೆಂದು ಅಪ್ಪ ಬೆನ್ನಿಗೆ ಬಾರಿಸಿದ್ದರು. ಮನೆಗೆ ಬಂದ ನೆಂಟರೆಲ್ಲ ಅದನ್ನೊಮ್ಮೆ ಮುಟ್ಟಿಯೇ ಊಟಕ್ಕೆ ಏಳುತ್ತಿದ್ದರು.

ಆತ ಕುರ್ಚಿಯನ್ನು ಬೋರಲು ಹಾಕಿದ. ಉಗುರಿನಲ್ಲಿ ಕೆರೆದ, ತಟ್ಟಿದ, ಮೊಬೈಲಿನಲ್ಲಿ ಅಡಿಯ ಫೋಟೊ ತೆಗೆದ. ರಾಜರ ಕಥೆ ಬರೆಯುವವನಿಗೆ ಕುರ್ಚಿಯ ತಳ ಯಾಕೆ ಬೇಕು? ಹಳೇ ಸಾಮಾನು ಕೊಳ್ಳುವವರು ಹೀಗೇ ಏನೋ ಒಂದು ನೆಪ ಹೇಳಿಕೊಂಡು ಬರುತ್ತಾರೆಂದು ಕೇಳಿದ್ದೆ. ಕಾಫಿ ತರಲು ನಾನು ಎದ್ದು ಹೋಗಲಿಲ್ಲ, ಹೆಂಡತಿಯನ್ನೇ ಕೂಗಿದೆ.

“ಬೇಜಾರಾಗ್ಬೇಡಿ ಸಾರ್, ಇದು ಅಷ್ಟು ಹಳೇದಲ್ಲ. ಒಳಗಡೆ ಪ್ಲೈವುಡ್ ಇದೆ.”

ಬೆಲೆ ಇಳಿಸೋ ಉಪಾಯ ಇದು ಅಂದುಕೊಂಡೆ. “ನಾವು ಮಾರಲ್ಲ ಕಣ್ರೀ,” ಅಂದೆ ಒರಟಾಗಿ.

“ನಾನು ಕೊಳ್ಳೋಕೆ ಬಂದಿಲ್ಲ ಸಾರ್.”

ಒಳಗಿನ ಮಂಚದಿಂದ ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಕೂಗಿದರು. ತೊಂಬತ್ತರ ಹತ್ತಿರದ ಜೀವ, ಕಿವಿ ಮಾತ್ರ ಚುರುಕು. “ಅವರನ್ನ ಯಾಕ್ಲಾ ಗದರ್ತೀಯ? ಅವರು ಹೇಳೋದು ನಿಜ ಕಣ್ಲಾ.”

ಗೋಡೆ ಹಿಡಿದುಕೊಂಡು ಹಜಾರಕ್ಕೆ ಬಂದು ಕೂತರು. ಮಹಾರಾಜರು ಕೂತಿದ್ದ ಕುರ್ಚಿಯನ್ನು ತಾತ ಜೋಪಾನವಾಗಿರಲೆಂದು ಅಟ್ಟಕ್ಕೆ ಏರಿಸಿದ್ದರಂತೆ, ಕೊಬ್ಬರಿಗೆ ಹಾಕಿದ ಕಾಯಿಗಳ ಪಕ್ಕದಲ್ಲಿ. ಗೆದ್ದಲು ತಿಂದು ಕಾಲೇ ಉಳಿಯಲಿಲ್ಲ. ನೆಂಟರು ಕೇಳಿದರೆ ಏನು ತೋರಿಸುವುದೆಂದು ಅಪ್ಪ ತುರುವೇಕೆರೆಯ ಆಚಾರಿ ಕೈಲಿ ಇದನ್ನು ಮಾಡಿಸಿದರು.

ನನಗೆ ಮುಖ ಎತ್ತಲಾಗಲಿಲ್ಲ. ಅಪ್ಪನ ಮೇಲೆ ಸಿಟ್ಟು ಬಂತು. ಅತ್ತೆಯ ಮೇಲೂ.

ಬಂದವನು ಕುರ್ಚಿಯನ್ನು ಬಿಟ್ಟು ಅತ್ತೆಯ ಕಡೆ ತಿರುಗಿದ. “ನೀವು ಮಹಾರಾಜರನ್ನ ನೋಡಿದ್ರಾ ಅಜ್ಜಿ?”

“ನೋಡ್ದೆ. ಎಂಟೊಂಬತ್ತು ವರ್ಷದೋಳು. ಪೇಟ, ಹಾರ ಎಲ್ಲ ಇರುತ್ತೆ ಅಂದ್ಕಂಡಿದ್ದೆ. ದಪ್ಪಗಿದ್ರು, ಬೆವೆತು ಸುಸ್ತಾಗಿದ್ರು. ಎಳನೀರು ಕುಡಿದು, ‘ಸ್ಕೂಲಿಗೆ ಹೋಗ್ತೀಯಾ ಮಗು?’ ಅಂದ್ರು. ಇಲ್ಲ ಅಂದೆ. ಅವರು ನಮ್ಮಪ್ಪನ ಮುಖ ನೋಡಿದ್ರು, ಅಷ್ಟೆಯ. ನಮ್ಮಪ್ಪ ನಾಚ್ಕಂಡು ನನ್ನ ಸ್ಕೂಲಿಗೆ ಸೇರಿಸ್ದ.”

ಅತ್ತೆ ಮುಂದೆ ಟೀಚರಾದರು. ನನಗೂ ಅಕ್ಷರ ಕಲಿಸಿದ್ದು ಅವರೇ. ಆದರೆ ಈ ಮಾತನ್ನು ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಕೇಳಲು ಬಂದವನಿಗಾಗಿ ಈಗ ಕಟ್ಟಿದ್ದಲ್ಲ ತಾನೆ?

ಆತ ಅತ್ತೆಯದೊಂದು ಫೋಟೊ ತೆಗೆದುಕೊಂಡು, ಕೈಮುಗಿದು ಹೊರಟ. ಕಾರು ರಸ್ತೆ ತಿರುಗುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.

“ಅತ್ತೆ, ಸ್ಕೂಲಿನ ಮಾತಾದ್ರೂ ನಿಜಾನಾ?”

ಅತ್ತೆ ಗೋಡೆ ಹಿಡಿದು ಎದ್ದರು. “ಇಷ್ಟು ವರ್ಷ ನೀವೆಲ್ಲ ಕುರ್ಚಿ ವಿಷ್ಯನೇ ಕೇಳಿದ್ರಿ,” ಅಂದರು. “ನನ್ನ ಯಾರು ಕೇಳಿದ್ರಿ, ಬುಡು.”