ಲೈನ್ ಇಲ್ಲ ಚಿಗವ್ವ

ಎರಡು ತಿಂಗಳ ಹಿಂದೆ ಹಳಿಯ ಮಗ್ಗುಲಿನ ಬೇವಿನ ಟೊಂಗೆಗಳನ್ನು ರೈಲ್ವೆಯವರು ಕಡಿಸಿದರು. ತಂತಿಗೆ ತಾಗುತ್ತವಂತೆ. ಬಿಸಿಲಿಗೆ ಬಾಡಿದ ಹಸಿ ಬೇವಿನ ಕಹಿ ವಾಸನೆ ಗಾಳಿಗೆ ತೇಲಿ ನನ್ನ ಗಿರಣಿಯೊಳಗೆ ಬಂತು. ಬಿಸಿ ಜೋಳದ ಹಿಟ್ಟಿನ ವಾಸನೆ ಬಿಟ್ಟು ಬೇರೊಂದು ನನ್ನ ಮೂಗಿಗೆ ಹತ್ತುವುದೇ ಅಪರೂಪ. ಆದರೂ ಅದು ಹತ್ತಿತು. ಗಿರಣಿಯ ಬಾಯಿಗೆ ಜೋಳ ಸುರಿಯುತ್ತಿದ್ದವನು ಕೈ ನಿಲ್ಲಿಸಿ ಬಾಗಿಲ ಕಡೆ ನೋಡಿದೆ. ಸೊಪ್ಪಿನ ಹೊರೆ ಹೊತ್ತು ಚಿಗವ್ವ ಬಂದಳೇನೋ ಅನ್ನಿಸಿತು...

ಸಂಬಂಧದಲ್ಲಿ ಆಕೆ ನನಗೆ ಏನೂ ಆಗಬೇಕಿರಲಿಲ್ಲ. ನಮ್ಮವ್ವನನ್ನು ಅಕ್ಕ ಅನ್ನುತ್ತಿದ್ದಳು, ಹಾಗಾಗಿ ನನಗೆ ಚಿಗವ್ವ. ಹನುಮಸಾಗರದ ಕಡೆಯಿಂದ ಕೊಪ್ಪಳದ ಮಗ್ಗುಲಿನ ನಮ್ಮೂರಿಗೆ ಸೊಸೆಯಾಗಿ ಬಂದವಳು. ಗಂಡ ಬೇಗ ತೀರಿಕೊಂಡ. ಇದ್ದೊಬ್ಬ ಮಗಳನ್ನು ಊರಲ್ಲೇ ಕೊಟ್ಟು, ನಾಲ್ಕು ಆಡು ಸಾಕಿಕೊಂಡಿದ್ದಳು. ನನ್ನ ಹಿರಿಮಗಳು ಹುಟ್ಟಿದಾಗ ನನ್ನ ಹೆಂಡತಿಗೆ ಹಾಲು ಸಾಲದೆ ಕೂಸು ಹಗಲೆಲ್ಲ ಅಳುತ್ತಿತ್ತು. ಆಗ ಆರು ತಿಂಗಳು ಚಿಗವ್ವ ಬೆಳಗಾದರೆ ಆಡಿನ ಹಾಲು ತಂದುಕೊಟ್ಟಳು, ಯಾರೂ ಕೇಳದೇ. ಹಿಟ್ಟು ಮೆತ್ತಿದ ನನ್ನ ಮುಖ ಕಂಡರೆ ‘ಬಿಳೇ ಮಂಗ್ಯಾ’ ಅನ್ನುತ್ತಿದ್ದಳು. ಆ ಮಗಳ ಮದುವೆಯ ದಿನವೂ ಬೀಗರ ಮುಂದೆ ಹಾಗೇ ಕರೆದಳು. ನನಗೆ ಸಿಟ್ಟು ಬಂದಿತ್ತು. ಈಗ ಹಾಗೆ ಕರೆಯುವವರು ಯಾರೂ ಉಳಿದಿಲ್ಲ.

ಆಕೆಯ ಹೆಗಲ ಮೇಲೆ ಸದಾ ದೋಟಿ ಇರುತ್ತಿತ್ತು. ಎತ್ತರದ ಟೊಂಗೆ ಕೊಯ್ಯಲು ಉದ್ದನೆಯ ಕೋಲಿನ ತುದಿಗೆ ಕುಡುಗೋಲು ಕಟ್ಟಿದ್ದು. ಮೊದಲು ಬಿದಿರಿನದಿತ್ತು. ಅದು ಸೀಳಿದ ಮೇಲೆ ಕೊಪ್ಪಳದಿಂದ ಕಬ್ಬಿಣದ ಪೈಪು ತಂದು ಮಾಡಿಸಿಕೊಂಡಳು. ತನ್ನ ಜೀವಮಾನಕ್ಕೆ ಇದೊಂದು ಸಾಕು ಎಂದು ನನಗೆ ತೋರಿಸಿ ಹಿಗ್ಗಿದ್ದಳು.

ಒಂದು ಮಾತು ಹೇಳಬೇಕು. ನಮ್ಮೂರಲ್ಲಿ ರೈಲು ಹಳಿಗೂ ಲೈನ್ ಅನ್ನುತ್ತೇವೆ, ಕಂಬದ ತಂತಿಗೂ ಲೈನ್ ಅನ್ನುತ್ತೇವೆ, ಮನೆಗೆ ಬರುವ ಕರೆಂಟಿಗೂ ಲೈನೇ. ಲೈನ್ ಹೋಯಿತು, ಲೈನ್ ಬಂತು, ಲೈನ್ ದಾಟಿ ಹೊಲಕ್ಕೆ ಹೋದ. ಎಲ್ಲದಕ್ಕೂ ಒಂದೇ ಮಾತು, ಯಾರಿಗೂ ಗೊಂದಲವಾಗಿದ್ದಿಲ್ಲ. ಕರೆಂಟಿನ ವಿಷಯಕ್ಕೆ ಊರಿಗೆಲ್ಲ ನಾನೇ ಪಂಡಿತ. ಗಿರಣಿಯವನಲ್ಲವೇ? ಲೈನ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ದಾರಿಯಲ್ಲಿ ಹೋಗುವವರೆಲ್ಲ ನನ್ನನ್ನೇ ಕೇಳುವುದು. ಆ ದೊಡ್ಡಸ್ತಿಕೆ ನನಗೆ ಬಹಳ ರುಚಿಸುತ್ತಿತ್ತು.

ಹಳಿಯ ಗುಂಟ ಕಂಬ ನೆಟ್ಟು ತಂತಿ ಎಳೆದ ಮೇಲೂ ಬಹಳ ದಿನ ಅದರಲ್ಲಿ ಕರೆಂಟ್ ಬಿಟ್ಟಿರಲಿಲ್ಲ. ಚಿಗವ್ವ ಅದರ ಕೆಳಗೇ ನಿಂತು ಬೇವು ಕೊಯ್ಯುತ್ತಿದ್ದಳು. ಬೇಸಿಗೆಯಲ್ಲಿ ಊರ ಸುತ್ತ ಹಸಿರು ಸೊಪ್ಪು ಸಿಗುತ್ತಿದ್ದದ್ದು ಅಲ್ಲೊಂದೇ ಕಡೆ. ಆಮೇಲೊಂದು ದಿನ ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದರು. ಇನ್ನು ಮುಂದೆ ತಂತಿಯಲ್ಲಿ ಕರೆಂಟ್ ಇರುತ್ತದೆ, ಹತ್ತಿರ ಹೋಗಬಾರದು, ಕೋಲು ಎತ್ತಬಾರದು ಎಂದು ಓಣಿ ಓಣಿ ಕೂಗಿದರು. ಅವತ್ತೇ ಚಿಗವ್ವ ಗಿರಣಿಗೆ ಬಂದು ದೋಟಿಯನ್ನು ಗೋಡೆಗೆ ಆನಿಸಿ ಕುಂತಳು. ಹೆದರಿದ್ದಳು. ಆ ಲೈನಿಗೂ ನಮ್ಮ ಲೈನಿನ ಹಾಗೆ ಹೋಗುವುದು ಬರುವುದು ಇರುತ್ತದೆಯೇ ಎಂದು ಕೇಳಿದಳು.

ಗೊತ್ತಿಲ್ಲ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

"ಎಲ್ಲಾ ಡ್ಯಾಮಿನ ಕರೆಂಟ ಚಿಗವ್ವ. ಇಲ್ಲಿ ಹೋದ್ರ ಅಲ್ಲೀನೂ ಹೋಗ್ತೈತಿ" ಎಂದೆ.

ಆಕೆ ತಲೆ ಆಡಿಸಿದಳು. ಆಮೇಲೆ ಹಳಿಯ ಕಡೆ ಹೋಗುವಾಗೆಲ್ಲ ಬಾಗಿಲಲ್ಲಿ ನಿಂತು ಲೈನ್ ಐತೇನು ಎಂದು ಕೇಳುವಳು. ಐತಿ ಎಂದರೆ ಸುಮ್ಮನೆ ಬೇರೆ ದಾರಿ ಹಿಡಿಯುವಳು. ಊರಿನವರೆಲ್ಲ ಕೇಳುವ ಹಾಗೆ ಕೇಳುತ್ತಾಳೆ ಎಂದುಕೊಂಡಿದ್ದೆ. ನಾನೇ ಹೇಳಿದ ಪಾಠ ನನಗೇ ಮರೆತುಹೋಗಿತ್ತು.

ಅವತ್ತು ಬೆಳಗಿನಿಂದ ಕರೆಂಟ್ ಇರಲಿಲ್ಲ. ಸುಡು ಮಧ್ಯಾಹ್ನ. ನಾನು ಜೋಳದ ಚೀಲಕ್ಕೆ ಒರಗಿ ಪೇಪರ್ ಬೀಸಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಆಕೆಯ ನೆರಳು ಬಿತ್ತು.

"ಲೈನ್ ಐತೇನೋ?"

"ಇಲ್ಲ ಚಿಗವ್ವ. ಸಂಜಿತನಕ ಬರಂಗಿಲ್ಲ."

"ಹಂಗಾರ ಛಲೋ ಆತು."

ಕರೆಂಟ್ ಹೋದರೆ ಛಲೋ ಆಯಿತು ಅನ್ನುವವರು ಯಾರಿದ್ದಾರೆ? ಆ ಮಾತಿಗೆ ನಾನು ದಡಕ್ಕನೆ ಏಳಬೇಕಿತ್ತು. ನನ್ನ ಗಿರಣಿ ನಿಂತಿದ್ದಕ್ಕೆ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೆ. ಆಡುಗಳ ಗೊರಸಿನ ಸಪ್ಪಳ ಹಳಿಯ ಕಡೆ ಹೋಯಿತು...

ಗಿರಣಿ ನಿಂತಿದ್ದರಿಂದ ಸ್ವಲ್ಪ ಹೊತ್ತಿಗೆ ತಂತಿಯ ಕಡೆಯಿಂದ ಎದ್ದ ಸಿಡಿತದ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಅದರ ಬಗ್ಗೆ ಬರೆಯಲಾರೆ. ನಾವು ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಡುಗಳು ಉದುರಿದ ಸೊಪ್ಪು ತಿನ್ನುತ್ತ ನಿಂತಿದ್ದವು. ದೋಟಿ ತಂತಿಗೆ ತಾಗಿಯೂ ಇರಲಿಲ್ಲವಂತೆ, ಹತ್ತಿರ ಹೋದರೇ ಸಾಕಂತೆ. ರೈಲ್ವೆಯ ಸಾಹೇಬರೊಬ್ಬರು ಬಂದು, ಊರಿನ ಕರೆಂಟಿಗೂ ಈ ತಂತಿಗೂ ಯಾವ ಸಂಬಂಧವೂ ಇಲ್ಲ, ಊರೆಲ್ಲ ಕತ್ತಲಾದರೂ ಇದರಲ್ಲಿ ಇಪ್ಪತ್ತೈದು ಸಾವಿರ ವೋಲ್ಟ್ ಇದ್ದೇ ಇರುತ್ತದೆ ಎಂದು ಬಿಡಿಸಿ ಹೇಳಿದರು. ಚಿಗವ್ವನಿಗೆ ನಾನು ಹೇಳಿದ್ದ ಪಾಠ ಆಗ ನೆನಪಾಯಿತು.

ಊರಿನವರು ಒಂದೊಂದು ಮಾತಾಡಿದರು. ಮೈಕಿನಲ್ಲಿ ಅಷ್ಟು ಕೂಗಿದರೂ ಕೇಳದ ಮೊಂಡು ಮುದುಕಿ ಎಂದರು. ಹುಚ್ಚಿ ಎಂದರು, ಕಿವುಡಿ ಎಂದರು. ಆಡಿನ ಆಸೆಗೆ ಜೀವ ಕಳೆದುಕೊಂಡಳು ಎಂದರು. ನನ್ನ ಗಿರಣಿಯ ಕಟ್ಟೆಯ ಮೇಲೆ ಕುಂತೇ ಅಂದರು. ನಾನು ಹಿಟ್ಟು ಜಾಡಿಸುತ್ತ ಕೇಳಿಸಿಕೊಂಡೆ. ಮೂರನೆಯ ದಿನ ಚಿಗವ್ವನ ಮಗಳು ಬಂದಳು. ಅತ್ತು ಅತ್ತು ಮುಖ ಬಾತಿತ್ತು. ಅವ್ವ ಈ ದಾರಿಯಲ್ಲೇ ಹೋದಳಲ್ಲ, ನಿನ್ನನ್ನು ಏನಾದರೂ ಕೇಳಿದಳೇನಣ್ಣಾ ಎಂದಳು. ನಾನು ಇಲ್ಲವ್ವ ಎಂದೆ.

ಚಿಗವ್ವನಿಗೆ ಹೇಳಿದ ‘ಇಲ್ಲ’ ಗೊತ್ತಿಲ್ಲದೆ ಹೇಳಿದ್ದು. ಮಗಳಿಗೆ ಹೇಳಿದ್ದು ಗೊತ್ತಿದ್ದೇ ಹೇಳಿದ್ದು. ಇಷ್ಟು ವರ್ಷ ನನ್ನನ್ನು ತಿಂದದ್ದು ಈ ಎರಡನೆಯದೇ. ಆ ಮಗಳು ಪ್ರತಿ ವಾರ ಜೋಳ ತರುತ್ತಿದ್ದಳು, ನಾನು ಬೀಸಿಕೊಡುತ್ತಿದ್ದೆ, ನೆಟ್ಟಗೆ ಮುಖ ನೋಡುತ್ತಿರಲಿಲ್ಲ.

ಬೇವು ಕಡಿದ ಮರುದಿನ ಆಕೆ ಜೋಳದ ಚೀಲ ತಂದು ಇಳಿಸಿದಳು. ಗಿರಣಿ ನಿಂತಿತ್ತು. ವಾಸನೆ ಇನ್ನೂ ಇತ್ತು. ಲೈನ್ ಇಲ್ಲೇನಣ್ಣಾ ಎಂದಳು... ತಾಯಿಯದೇ ದನಿ. ನನ್ನಿಂದ ತಡೆಯಲಾಗಲಿಲ್ಲ.

"ನಿಮ್ಮವ್ವ ಅವತ್ತ ಕೇಳಿದ್ಲವ್ವ. ಲೈನ್ ಐತೇನಂತ ಕೇಳಿದ್ಲು. ನಾನ ಇಲ್ಲ ಅಂದೆ. ಅದೂ ಇದೂ ಒಂದ ಕರೆಂಟ ಅಂತ ಮದ್ಲ ಹೇಳಿದಾವನೂ ನಾನ."

ಆಕೆ ಚೀಲದ ಬಾಯಿ ಬಿಗಿದು ಕಟ್ಟಿದಳು.

"ಊರೆಲ್ಲಾ ನಮ್ಮವ್ವನ್ನ ಹುಚ್ಚಿ ಅಂದ್ರಲ್ಲ ಅಣ್ಣಾ. ನೀ ಕೇಳ್ಕೋತ ಕುಂತಿದ್ದಿ."

ಅಷ್ಟು ಹೇಳಿ ಬಗ್ಗಿ ಚೀಲಕ್ಕೆ ಕೈ ಹಾಕಿದಳು. ತಲೆಗೆ ಹೊರಿಸಲು ನಾನು ಎದ್ದೆ. ಹೊರೆ ಹೊರಿಸುವುದು ನಮ್ಮಲ್ಲಿ ಗುರುತಿಲ್ಲದವರಿಗೂ ಮಾಡುವ ಕೆಲಸ. ಆಕೆ ಬೇಡ ಎಂದು ಕೈ ಅಡ್ಡ ಹಿಡಿದಳು. ಮೊಣಕಾಲೂರಿ ತಾನೇ ಎತ್ತಿ ಹೊತ್ತುಕೊಂಡು ಹೋದಳು. ಅವರ ಮನೆಯ ಜೋಳ ಈಗ ಹಳಿಯ ಆಚೆಯ ಊರಿನ ಗಿರಣಿಗೆ ಹೋಗುತ್ತದೆ. ಹೋಗಲಿ. ಕೇಳಿದವರಿಗೆಲ್ಲ ನಡೆದದ್ದನ್ನು ಹೇಳಿದ್ದೇನೆ. ಚಿಗವ್ವನನ್ನು ಇನ್ನು ಯಾರೂ ಹುಚ್ಚಿ ಅನ್ನಬಾರದು.

ಲೈನ್ ಐತೇನು ಎಂದು ಜನ ಈಗಲೂ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಬರೀ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಗಿರಣ್ಯಾಗ ಇಲ್ಲ, ರೈಲಿನ ತಂತ್ಯಾಗ ಐತಿ ಎನ್ನುತ್ತೇನೆ. ಹೊಸಬರು ನಗುತ್ತಾರೆ. ತಂತೀದು ನಿನ್ನ ಯಾರ ಕೇಳ್ಯಾರ ಎನ್ನುತ್ತಾರೆ.

ಕೇಳಿದ್ದಳು... ಚಿಗವ್ವ ಕೇಳಿದ್ದಳು.