ಪಕ್ಕದ ಮನೆಯಾಕೆಯ ಅಣ್ಣ ಮಂತ್ರಿಯಾದಾಗ

ಗೊತ್ತಿದ್ದವರ ಮನೆಯಲ್ಲಿ ಯಾರಾದರೂ ಮಂತ್ರಿಯಾದರೆಂದರೆ ಮೈಸೂರಿನವರಾದ ನಮಗೆ ಮೊದಲು ಹೊಳೆಯುವುದು ಸಿಹಿ. ನಮ್ಮ ಯಜಮಾನರಿಗೂ ಹೊಳೆದದ್ದು ಅದೇ. ಸ್ಯಾನ್ ಡಿಯೇಗೊದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ, ತನ್ನ ಅಣ್ಣ ಅವರ ದೇಶದ ಹೊಸ ಸರ್ಕಾರದಲ್ಲಿ ಶಿಕ್ಷಣ ಮಂತ್ರಿಯಾದನೆಂದು ಬೇಲಿಯಾಚೆಯಿಂದ ಒಂದೇ ಮಾತಿನಲ್ಲಿ ಹೇಳಿ ಒಳಗೆ ಹೋಗಿದ್ದಳು. ಇವರು ನಮ್ಮವರ ಅಂಗಡಿಗಳಿರುವ ಆರ್ಟೀಸಿಯಾದವರೆಗೆ ಡ್ರೈವ್ ಮಾಡಿ ಮೈಸೂರು ಪಾಕ್ ತಂದು, ಮಾಸ್ಕ್ ಹಾಕಿಕೊಂಡೇ ಅವಳ ಬಾಗಿಲು ತಟ್ಟಿದರು. ಆಕೆ ಡಬ್ಬಿ ತೆಗೆದುಕೊಂಡು ಥ್ಯಾಂಕ್ಸ್ ಎಂದಳು. ಒಳಗೆ ಬನ್ನಿ ಎನ್ನಲಿಲ್ಲ.

"ಅವ್ರ ಸರ್ಕಾರ ಎಂಥದ್ದು ಅಂತ ಟೀವೀಲಿ ನೋಡ್ಲಿಲ್ವೇನ್ರೀ? ಧರ್ಮದ ಹೆಸರಲ್ಲಿ ಹೆಂಗಸ್ರನ್ನೆಲ್ಲ ಕೆಲ್ಸದಿಂದ ಮನೆಗ್ ಕಳಿಸ್ತಿದಾರೆ" ಎಂದು ರೇಗಿದೆ.

"ಸರ್ಕಾರ ಎಂಥದ್ದಾದ್ರೂ ಇರ್ಲಿ ಕಣೇ, ಮಂತ್ರಿ ಮಂತ್ರೀನೇ. ನಾಳೆ ಏನಾದ್ರೂ ಆಗ್ಬೇಕು ಅಂದ್ರೆ ಆಗುತ್ತೆ."

ಆ ದೇಶದ ಹೆಸರು ಇಲ್ಲಿ ಬೇಡ. ಆಕೆ ಫಾರ್ಮಸಿಸ್ಟ್, ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಲಾಕ್‌ಡೌನಿನಲ್ಲಿ ನಮ್ಮ ಮಾತ್ರೆಗಳನ್ನು ಮನೆಗೇ ತಂದುಕೊಟ್ಟವಳು. ಅಣ್ಣನ ಕಥೆಯನ್ನು ನನಗೆ ಚೂರುಚೂರಾಗಿ ಹೇಳಿದಳು. ಅವನು ಹೈಸ್ಕೂಲು ಮೇಷ್ಟ್ರು. ಅಡುಗೆಮನೆಯಲ್ಲಿ ಹಿಟ್ಟು ಹರಡಿ, ಬೆರಳಿನಿಂದ ತ್ರಿಕೋನ ಬರೆದು ತಂಗಿಗೆ ಲೆಕ್ಕ ಕಲಿಸಿದವನು. ಹಿಂದಿನ ಸರ್ಕಾರದವರು ಪರೀಕ್ಷೆಯ ಅಂಕ ಮಾರುತ್ತಿದ್ದಾರೆಂದು ಬಹಿರಂಗವಾಗಿ ಹೇಳಿ ಜೈಲಿಗೆ ಹೋದ. ಅಲ್ಲಿ ಧಾರ್ಮಿಕ ಪಕ್ಷದವರ ಸಹವಾಸವಾಯಿತು. ಹೊರಗೆ ಬಂದ ಮೇಲೆ ಆ ಪಕ್ಷಕ್ಕೆ ಊರಿನ ಕಾರ್ಯದರ್ಶಿ, ಆಮೇಲೆ ಪ್ರಾಂತದ ಮುಖ್ಯಸ್ಥ. ಒಂದು ಕಾಸೂ ಮುಟ್ಟದವನೆಂದು ಜನ ಹೊತ್ತು ಮೆರೆಸಿದರು. ಮಂತ್ರಿಯಾದ ಮರುವರ್ಷ ಹೆಣ್ಣುಮಕ್ಕಳ ಕಾಲೇಜುಗಳನ್ನೆಲ್ಲ ಮುಚ್ಚಿಸಿದ. ಅವನ ಮಗಳೇ ಆಗ ಮೆಡಿಕಲ್ ಓದುತ್ತಿದ್ದಳು.

ಸೋದರತ್ತೆಯಾದ ಈಕೆ ಸುಮ್ಮನೆ ಕೂರಲಿಲ್ಲ. ಸ್ಯಾನ್ ಡಿಯೇಗೊದ ಒಂದು ಕಾಲೇಜಿಗೆ ಹುಡುಗಿಯಿಂದ ಅಪ್ಲೈ ಮಾಡಿಸಿದಳು. ಸೀಟೂ ಸಿಕ್ಕಿತು. ಆದರೆ ಅಪ್ಪನ ಒಪ್ಪಿಗೆಯಿಲ್ಲದೆ ಹುಡುಗಿ ಗಡಿ ದಾಟುವಂತಿರಲಿಲ್ಲ. ಕಾಲೇಜು ಮುಚ್ಚಿಸಿದಾಗಿನಿಂದ ಅಣ್ಣನ ಜೊತೆ ಈಕೆ ಮಾತು ಬಿಟ್ಟಿದ್ದಳು. ಫೋನ್ ಮಾಡಲು ಹೆದರಿಕೆ. ನಮ್ಮ ಯಜಮಾನರೇ ದಿನಾ ಬೇಲಿಯ ಹತ್ತಿರ ನಿಂತು, ಸ್ವಂತ ಮಗಳಿಗೆ ಇಲ್ಲ ಅನ್ನುವ ಮಂತ್ರಿಯನ್ನು ಇಷ್ಟು ವಯಸ್ಸಿಗೆ ನಾನು ನೋಡಿಲ್ಲ ಎಂದು ಧೈರ್ಯ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು.

ಒಂದು ಭಾನುವಾರ ನಮ್ಮನ್ನು ಎದುರಿಗೆ ಕೂರಿಸಿಕೊಂಡು ಫೋನ್ ಮಾಡಿದಳು. ಅವರ ಭಾಷೆ ನಮಗೆ ಗೊತ್ತಿಲ್ಲ. ಮೊದಲು ಗದರಿದಳು, ಆಮೇಲೆ ಗೋಗರೆದಳು, ಕೊನೆಗೆ ಬರೀ ಕೇಳಿಸಿಕೊಂಡಳು. ಫೋನ್ ಕೆಳಗಿಟ್ಟು ಅವನ ಮಾತನ್ನು ನಮಗೆ ಇಂಗ್ಲಿಷಿನಲ್ಲಿ ಹೇಳಿದಳು: ಊರಿನ ಹುಡುಗಿಯರನ್ನೆಲ್ಲ ಮನೆಯಲ್ಲಿ ಕೂರಿಸಿ ನನ್ನ ಮಗಳೊಬ್ಬಳನ್ನು ಕಳಿಸಿದರೆ ನನಗೂ ಆ ಅಂಕ ಮಾರಿದವರಿಗೂ ಏನು ವ್ಯತ್ಯಾಸ? ಹೇಳುವಾಗ ಅತ್ತನಂತೆ. ಅತ್ತರೂ ಇಲ್ಲವೆಂದೇ ಹೇಳಿದ.

ಆ ಹುಡುಗಿಯ ಮುಖವನ್ನು ನಾನು ಫೋಟೋದಲ್ಲಿ ಮಾತ್ರ ಕಂಡಿದ್ದೆ. ಎಂಥ ಅಪ್ಪ ಎಂದು ಬೈಯೋಣವೆಂದರೆ ಹಿಟ್ಟಿನ ಮೇಲೆ ತ್ರಿಕೋನ ಬರೆದವನೂ ಅವನೇ. ಆಕೆ ಎದ್ದು ನಮಗೆ ಚಹಾ ಮಾಡಿದಳು.

ನಮ್ಮವರು ಮೈಸೂರಿನಲ್ಲಿದ್ದಾಗ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್. ಮಂತ್ರಿಯ ಅಳಿಯನಿಗೆ ಕಂಟ್ರಾಕ್ಟ್ ಕೊಡಲಿಲ್ಲವೆಂದು ಊರೂರು ವರ್ಗವಾಗಿ ಅಲೆದವರು. ಆವತ್ತು ಮನೆಗೆ ಬಂದವರು ಚಪ್ಪಲಿ ಬಿಡದೆ ಸೋಫಾದ ಮೇಲೆ ಕುಸಿದರು.

"ಮಂತ್ರಿಗಳು ತಮ್ಮ ಮಕ್ಳಿಗೇ ಎಲ್ಲಾ ಮಾಡ್ಕೋತಾರೆ ಅಂತ ಜೀವಮಾನವೆಲ್ಲ ಬೈಕೊಂಡ್ ಬಂದೆ" ಎಂದರು. "ಇವ್ನೊಬ್ಬನಾದ್ರೂ ಮಾಡ್ಕೋಬಾರ್ದಿತ್ತಾ ಕಣೇ?"